ನಂಬರು ಹಾಕದ ಪರೀಕ್ಷೆ

ಮಂಜಣ್ಣನ ಸ್ಟುಡಿಯೋದಲ್ಲಿ ಒಂದು ಹಂಗಾಮಿನ ಮದುವೆ ವಿಡಿಯೋಗಳೆಲ್ಲ ಅಳಿಸಿಹೋದದ್ದು ಕಂಪ್ಯೂಟರಿಗೆ ಅನ್ವರಣ್ಣ ಹಾಕಿದ ಅಗ್ಗದ ಪವರ್ ಬಾಕ್ಸಿನಿಂದ — ತಿಪಟೂರಿನಲ್ಲಿ ಇವತ್ತಿಗೂ ಹೀಗೇ ಹೇಳುತ್ತಾರೆ. ಹೇಳುವವರು ನನ್ನದೊಂದು ಪ್ರಶ್ನೆಗೆ ಉತ್ತರ ಕೊಡಲಿ. ಕರೆಂಟಿನ ಹೊಡೆತಕ್ಕೆ ಸತ್ತ ಡಿಸ್ಕು ಎರಡು ದಿನ ಬಿಟ್ಟು ಎದ್ದು ಕೂತು ಹೊಸದರ ಹಾಗೆ ತಿರುಗುತ್ತದೆಯೆ? ಆ ಡಿಸ್ಕು ತಿರುಗಿತ್ತು. ನಾನೇ ತಿರುಗಿಸಿ ನೋಡಿದ್ದೇನೆ. ಡಿಸ್ಕು ಕೆಟ್ಟಿರಲಿಲ್ಲ, ಪವರ್ ಬಾಕ್ಸು ಏನೂ ಮಾಡಿರಲಿಲ್ಲ. ಆ ಮದುವೆಗಳು ಹೋದದ್ದು ನನ್ನಿಂದ. ಡಿಸ್ಕನ್ನು ಪರೀಕ್ಷಿಸುವ ಸಾಫ್ಟ್‌ವೇರಿನಲ್ಲಿ ಒಂದು ಟಿಕ್ ಗುರುತನ್ನು ನಾನು ಬೇಕೆಂದೇ ತೆಗೆದದ್ದರಿಂದ. ಆಮೇಲೆ, ಆದದ್ದೇನೆಂದು ತಿಳಿದ ಮೇಲೂ, ಬಾಯಿ ಮುಚ್ಚಿಕೊಂಡು ಕೂತದ್ದರಿಂದ.

ಊರವರ ಕಥೆಗೆ ಒಂದು ಬಾಲವೂ ಉಂಟು. "ಒಂಥರಾ ಒಳ್ಳೇದೇ ಆಯ್ತು ಬುಡಿ, ಇಲ್ದಿದ್ರೆ ಅನ್ವರ್ ಇವತ್ತಿಗೂ ಆ ಕಂಪ್ಯೂಟರ್ ಡಬ್ಬಗಳನ್ನ ಬಿಚ್ಕಂಡು ಕೂತಿರ್ತಿದ್ದ." ಈ ಬಾಲವನ್ನು ಹಿಡಿದುಕೊಂಡೇ ನಾನು ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಸುಳ್ಳು ಹೇಳುವುದಿಲ್ಲ — ಚೆನ್ನಾಗಿಯೇ ನಿದ್ದೆ ಬಂದಿದೆ. ಪಶ್ಚಾತ್ತಾಪದಲ್ಲಿ ಬೆಂದುಹೋದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನ್ನ ಬದುಕು ಚೆನ್ನಾಗಿದೆ. ಅನ್ವರಣ್ಣನದೂ ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ಈಗ ಹೇಳಬೇಕು ಅನ್ನಿಸಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ, ಹೇಳಲು ಆದರೆ.

ನಾನು ಅರಳಗುಪ್ಪೆಯವಳು. ತಿಪಟೂರಿನಲ್ಲಿ ಬಿ.ಎಸ್ಸಿ. ಓದುವಾಗ ನನಗೆ ಚರ್ಚಾಸ್ಪರ್ಧೆಗಳ ಹುಚ್ಚು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ದೇವರು ಇದ್ದಾನೆಂದು ಸಾಧಿಸಿ, ಮಧ್ಯಾಹ್ನ ಇನ್ನೊಂದರಲ್ಲಿ ಇಲ್ಲವೆಂದು ಸಾಧಿಸಿ, ಎರಡೂ ಕಡೆ ಬಹುಮಾನ ತಂದ ದಿನವೂ ಇದೆ. "ಇವಳನ್ನ ಕಟ್ಕಳೋನು ಮೊದ್ಲು ಒಬ್ಬ ಲಾಯರ್‌ನ ಇಟ್ಕೋಬೇಕು" ಎಂದು ಅಮ್ಮ ನೆಂಟರ ಮುಂದೆ ಹೇಳುತ್ತಿದ್ದಳು. ನನಗೆ ಅದು ಬೈಗುಳ ಎಂದು ಯಾವತ್ತೂ ಅನ್ನಿಸಲಿಲ್ಲ. ಯಾರು ಏನು ಹೇಳಿದರೂ ನಂಬದೆ "ಆಧಾರ ಏನು?" ಎಂದು ಕೇಳುವುದು ನನ್ನ ಚಟ. ಆ ಚಟವೇ ನನ್ನನ್ನು ಅನ್ವರಣ್ಣನ ಅಂಗಡಿಗೆ ತಂದದ್ದು.

ಅನ್ವರಣ್ಣ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಊರಿಗೆ ಕಂಪ್ಯೂಟರು ಬರತೊಡಗಿದಾಗ, ಬಿಡಿಭಾಗ ತರಿಸಿ ಜೋಡಿಸಿಕೊಡುವ ಕೆಲಸವನ್ನೂ ಕಲಿತರು. ನಾನು ಅಲ್ಲಿ ಒಂದು ಫ್ಲಾಪಿ ತಗೊಳ್ಳಲು ಹೋದವಳು, ಅದು ಕೆಟ್ಟಿಲ್ಲ ಅನ್ನುವುದಕ್ಕೆ ಆಧಾರ ಏನು ಎಂದು ಕೇಳಿದೆ. ಅವರು ನಕ್ಕರು. "ಬಾಮ್ಮಾ ಒಳಗೆ, ನೀನೇ ನೋಡ್ಕೊ. ನಾಳೆಯಿಂದ ದಿನಾ ಬಂದು ನೋಡ್ಕೊ. ನಂಗೂ ಒಬ್ಬರು ಬೇಕು, ಈ ಸಾಫ್ಟ್‌ವೇರು ನಂಗೆ ತಲೆಗೆ ಹತ್ತಲ್ಲ." ಹಾಗೆ ಸೇರಿಕೊಂಡೆ. ಸ್ಕ್ರೂಡ್ರೈವರ್ ಅವರದು, ಮೌಸ್ ನನ್ನದು. ಆ ಎರಡು ಮೂರು ವರ್ಷಗಳಷ್ಟು ಖುಷಿಯಾಗಿ ನಾನು ಬೇರೆಲ್ಲೂ ಕೆಲಸ ಮಾಡಿಲ್ಲ. ಬೆಸುಗೆಯ ಹೊಗೆ, ಮೂಲೆಯಲ್ಲಿ ಸದಾ ಉಸುರುವ ರೇಡಿಯೋ, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಪಕ್ಕದ ಹೋಟೆಲಿನ ಟೀ — ಮತ್ತು ಎಲ್ಲದಕ್ಕೂ ಒಂದು ಜಗಳ. ಪಾಪ, ಜಗಳ ನಾನು ಆಡುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು.

ಡಿಸ್ಕು ಪರೀಕ್ಷೆ ಮಾಡುವ ಸಾಫ್ಟ್‌ವೇರು ನಮಗೆ ಸಿಕ್ಕಿದ್ದು ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ. ಡಿಸ್ಕು ಎಷ್ಟು ವೇಗವಾಗಿ ಬರೆಯುತ್ತದೆ, ಎಷ್ಟು ವೇಗವಾಗಿ ಓದುತ್ತದೆ ಎಂದು ಅದು ಅಳೆದು ಹೇಳುತ್ತಿತ್ತು. ಅದರಲ್ಲೇ ಇನ್ನೊಂದು ಪುಟವಿತ್ತು: ವೆರಿಫೈ. ಬರೆದದ್ದನ್ನು ಮತ್ತೆ ಓದಿ, ಬರೆದದ್ದೇ ಬಂತೋ ಇಲ್ಲವೋ ಎಂದು ತಾಳೆ ನೋಡುವ ಪುಟ. ಬೇರೆಯವರು ಅದನ್ನು ತೆರೆಯುತ್ತಲೂ ಇರಲಿಲ್ಲವೇನೋ. ನಾನು ಅದರಲ್ಲೇ ಮುಳುಗಿಹೋದೆ. ಕಂಪ್ಯೂಟರಿನ ಮಾತನ್ನೂ ನಂಬದೆ "ಆಧಾರ ಏನು?" ಎಂದು ಕೇಳುವ ಯಂತ್ರ ಅದು — ನನ್ನದೇ ಜಾತಿಯದು.

ವೆರಿಫೈ ಎಂದು ಟಿಕ್ ಹಾಕಿದರೆ ಮುಗಿಯಲಿಲ್ಲ. ಅದರ ಕೆಳಗೆ ಇನ್ನಷ್ಟು ಕೇಳುತ್ತಿತ್ತು. ತಪ್ಪು ಸಿಕ್ಕ ಕೂಡಲೇ ನಿಲ್ಲಿಸಬೇಕೋ, ಕೊನೆಯವರೆಗೂ ಹೋಗಬೇಕೋ? ಬರೆದ ತಕ್ಷಣ ಓದಬೇಕೋ, ಡಿಸ್ಕು ಪೂರ್ತಿ ಬರೆದಾದ ಮೇಲೆ ಓದಬೇಕೋ? ಎಲ್ಲಾ ಬ್ಲಾಕಿಗೂ — ಡಿಸ್ಕಿನ ಒಂದೊಂದು ತುಣುಕನ್ನು ಬ್ಲಾಕು ಅನ್ನುತ್ತಾರೆ — ಒಂದೇ ಥರದ ಅಕ್ಷರ ಬರೆಯಬೇಕೋ, ಒಂದೊಂದು ಬ್ಲಾಕಿನ ಒಳಗೂ ಅದರದೇ ನಂಬರು ಬರೆಯಬೇಕೋ? ಈ ಕೊನೆಯದು ಯಾಕೆ ಬೇಕು ಎಂದು ಅನ್ವರಣ್ಣ ಕೇಳಿದ್ದರು. ನಾನು ಅಟ್ಟದ ಉದಾಹರಣೆ ಕೊಟ್ಟೆ. ನಮ್ಮ ಮನೆಯಲ್ಲಿ ಕೊಬ್ಬರಿಯಾಗಲು ಕಾಯಿ ಹಾಕುವ ಅಟ್ಟ ಒಂದೇ, ಅಪ್ಪನ ಕಾಯಿಯೂ ಅಲ್ಲೇ, ಚಿಕ್ಕಪ್ಪನ ಕಾಯಿಯೂ ಅಲ್ಲೇ.

"ಕಾಯಿ ಎಲ್ಲಾ ಒಂದೇ ಥರ ಅಲ್ವಾ ಅನ್ವರಣ್ಣ? ಅಟ್ಟ ತುಂಬಿದ ಮೇಲೆ ಚಿಕ್ಕಪ್ಪ ನಮ್ಮ ಮೂಲೇದು ತೆಗೆದು ತಮ್ಮದು ಇಟ್ಟರು ಅಂದ್ಕೊಳ್ಳಿ. ನೀವು ಹತ್ತಿ ನೋಡಿದ್ರೆ? ಆ ಮೂಲೇಲೂ ಕಾಯಿ, ಈ ಮೂಲೇಲೂ ಕಾಯಿ. ಎಲ್ಲಾ ಸರಿಯಾಗಿದೆ ಅಂತ ಇಳಿದು ಬರ್ತೀರ. ಒಂದೊಂದು ಕಾಯಿಗೂ ಸುಣ್ಣದಲ್ಲಿ ಗುರುತು ಹಾಕಿದ್ರೆ ತಾನೆ ಕಳ್ಳತನ ಗೊತ್ತಾಗೋದು?"

"ನಿಮ್ಮ ಚಿಕ್ಕಪ್ಪ ಹಂಗೇನಾ?"

"ಉದಾಹರಣೆ ಅನ್ವರಣ್ಣ!"

"ಉದಾಹರಣೆ ಅಂತ ಚಿಕ್ಕಪ್ಪಂಗೂ ಹೇಳ್ಬುಡು, ಇಲ್ದಿದ್ರೆ ನನ್ ಅಂಗಡಿಗೆ ಬಂದು ಜಗಳ ಆಡ್ತಾರೆ." ಆಮೇಲೆ ನಗು ನಿಲ್ಲಿಸಿ ಹೇಳಿದ್ದರು: "ಹಂಗಾದ್ರೆ ಈ ನಂಬರ್ ಹಾಕದೆ ಯಾವ ಡಿಸ್ಕೂ ಕೊಡೋದು ಬ್ಯಾಡ ಕಣಮ್ಮ. ಹೊತ್ತಾದ್ರೆ ಆಗ್ಲಿ."

ಅದು ನಮ್ಮ ಅಂಗಡಿಯ ನಿಯಮವಾಯಿತು. ಇದನ್ನು ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ನಂಬರು ಹಾಕುವುದು ಯಾಕೆಂದು ತಿಳಿಯದೆ ತಪ್ಪಿದೆ ಎಂದು ನಾನು ಹೇಳುವ ಹಾಗಿಲ್ಲ. ಅದನ್ನು ಅವರಿಗೆ ಕಲಿಸಿದವಳು ನಾನು.

ಮಂಜಣ್ಣನದು ಊರಲ್ಲಿ ಹಳೆಯ ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳನ್ನು ಕಂಪ್ಯೂಟರಿನಲ್ಲೇ ಎಡಿಟ್ ಮಾಡುವ ಕಾಲ ಆಗ ಬಂದಿತ್ತು. ಕ್ಯಾಮರಾದ ಕ್ಯಾಸೆಟ್ಟಿನಿಂದ ಚಿತ್ರ ಹರಿದು ಬರುವಾಗ ಡಿಸ್ಕು ಅಷ್ಟೇ ವೇಗದಲ್ಲಿ ಬರೆದುಕೊಳ್ಳಬೇಕು. ಹಿಂದೆ ಬಿದ್ದರೆ ಮಧ್ಯೆ ಮಧ್ಯೆ ಚಿತ್ರ ಬಿಟ್ಟುಹೋಗುತ್ತದೆ, ಮದುಮಗಳು ಒಂದು ಹೆಜ್ಜೆ ಇಟ್ಟವಳು ಮರುಕ್ಷಣ ಮಂಟಪದಲ್ಲಿ ಕೂತಿರುತ್ತಾಳೆ. ಮಂಜಣ್ಣನ ಹಳೆಯ ಕಂಪ್ಯೂಟರಿಗೇ ಹೊಸ ದೊಡ್ಡ ಡಿಸ್ಕು, ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಹೊಸ ಪವರ್ ಬಾಕ್ಸು ಹಾಕಿ ಕೆಲಸ ಮುಗಿಸಬಹುದು ಎಂದರು ಅನ್ವರಣ್ಣ. ಅದೇ ಹೊತ್ತಿಗೆ ತುಮಕೂರಿನಿಂದ ಒಂದು ಕಂಪ್ಯೂಟರ್ ಕಂಪನಿಯ ಪ್ರತಿನಿಧಿ ಬಂದ. ಇಸ್ತ್ರಿ ಮಾಡಿದ ಅಂಗಿ, ಟೈ, ಬಣ್ಣಬಣ್ಣದ ಕಾಗದಗಳು. ಈ ಹಳೆಯ ಡಬ್ಬದಲ್ಲಿ ಆಗುವುದಿಲ್ಲ, ಎಡಿಟಿಂಗಿಗೆಂದೇ ಕಂಪನಿಯವರು ಮಾಡಿದ ಪೂರ್ತಿ ಯಂತ್ರವೇ ಬೇಕು ಎಂದು ಅವನ ವಾದ. ಮಂಜಣ್ಣ ಇಬ್ಬರ ನಡುವೆ ಕೂತು ತಲೆ ಕೆರೆದುಕೊಂಡ.

ಡಿಸ್ಕಿನ ವೇಗ ಅಳೆದು ತೋರಿಸುತ್ತೇವೆ, ನೋಡಿ ಎಂದೆ ನಾನು. ಪ್ರತಿನಿಧಿ ಮೆಲ್ಲಗೆ ನಕ್ಕ. ಅವನೂ ಮಾತಿನವನೇ.

"ಮೇಡಂ, ವೇಗ ತೋರಿಸೋವಾಗ ವೆರಿಫೈ ತೆಗೀತೀರ. ವೆರಿಫೈ ಹಾಕಿದಾಗ ವೇಗ ಕೇಳಬೇಡಿ ಅಂತೀರ. ಎಲ್ಲರೂ ಮಾಡೋ ಕೆಲಸಾನೇ ಇದು. ಎರಡೂ ಒಟ್ಟಿಗೆ ತೋರಿಸಿ, ನಾನು ಸುಮ್ಮನೆ ಎದ್ದು ಹೋಗ್ತೀನಿ."

ಇದು ಮೋಸದ ಷರತ್ತು. ವೇಗದ ಪರೀಕ್ಷೆ ಬೇರೆ, ನಂಬಿಕೆಯ ಪರೀಕ್ಷೆ ಬೇರೆ. ಎರಡನ್ನೂ ಬೇರೆ ಬೇರೆ ಮಾಡುವುದೇ ಸರಿ. ಯಾಕೆಂದರೆ ತಾಳೆ ನೋಡುವ ಕೆಲಸಕ್ಕೆ ಪ್ರೊಸೆಸರು ತಿಣುಕುತ್ತದೆ, ಅದರ ನಿಧಾನ ಡಿಸ್ಕಿನ ಲೆಕ್ಕಕ್ಕೆ ಬೀಳುತ್ತದೆ. ಇಷ್ಟನ್ನು ಹೇಳಿ "ನಿಮ್ಮ ಷರತ್ತೇ ತಪ್ಪು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸ್ಟುಡಿಯೋದ ಬಾಗಿಲಲ್ಲಿ ಅಕ್ಕಪಕ್ಕದ ಅಂಗಡಿಯವರು ಬಂದು ನಿಂತಿದ್ದರು. ನನಗೆ ಜನ ಕಂಡರೆ ವೇದಿಕೆ ಕಂಡ ಹಾಗೆ. ಎದುರಾಳಿಯ ಷರತ್ತಿನಲ್ಲೇ ಗೆದ್ದರೆ ಅದರ ರುಚಿಯೇ ಬೇರೆ —

"ತೋರಿಸ್ತೀನಿ. ನಾಳೆ ಬೆಳಿಗ್ಗೆ ಬನ್ನಿ" ಅಂದೆ.

ಮಾರನೆಯ ಬೆಳಿಗ್ಗೆ ಯಾರೂ ಬರುವ ಮೊದಲೇ ಸ್ಟುಡಿಯೋಗೆ ಹೋಗಿ ಡಿಸ್ಕಿನ ಆರಂಭದ ಸ್ವಲ್ಪ ಭಾಗದ ಮೇಲೆ ಓಡಿಸಿ ನೋಡಿದೆ. ವೆರಿಫೈ ಆನ್, ನಂಬರು ಆನ್. ತಪ್ಪು ಒಂದೂ ಇಲ್ಲ. ಆದರೆ ಬೇಕಾದ ವೇಗಕ್ಕಿಂತ ಒಂದು ಕೂದಲಷ್ಟು ಕೆಳಗೆ. ಮಂಜಣ್ಣನ ಹಳೆಯ ಪ್ರೊಸೆಸರು ಒಂದೊಂದು ಬ್ಲಾಕಿಗೂ ನಂಬರು ಬರೆಯುವುದರಲ್ಲಿ ಏದುಸಿರು ಬಿಡುತ್ತಿತ್ತು. ನಂಬರಿನ ಟಿಕ್ ತೆಗೆದು ಎಲ್ಲಾ ಬ್ಲಾಕಿಗೂ ಒಂದೇ ಅಕ್ಷರ ಎಂದು ಇಟ್ಟೆ. ವೇಗ ಗೆರೆ ದಾಟಿ ಮೇಲೆ ಹೋಯಿತು.

ನನ್ನೊಳಗೆ ಆ ಕ್ಷಣ ನಡೆದ ವಾದವನ್ನು ಇದ್ದ ಹಾಗೇ ಬರೆಯುತ್ತೇನೆ. ಡಿಸ್ಕಿನ ವೇಗ ನಿಜವಾಗಿಯೂ ಸಾಕಾಗುವಷ್ಟಿದೆ. ವಿಡಿಯೋ ಬರುವಾಗ ಯಾರೂ ಬ್ಲಾಕಿಗೆ ನಂಬರು ಹಾಕುವುದಿಲ್ಲ. ಆದ್ದರಿಂದ ನಂಬರು ತೆಗೆದು ತೋರಿಸುವ ವೇಗವೇ ನಿಜವಾದ ವೇಗ. ಆದ್ದರಿಂದ ನಾನು ಸುಳ್ಳು ತೋರಿಸುತ್ತಿಲ್ಲ. ನೋಡಿ, ಒಂದು ಕೊಂಡಿಯೂ ಸಡಿಲ ಇಲ್ಲ. ತೀರ್ಪುಗಾರರು ಯಾರಿದ್ದರೂ ಅಂಕ ಕೊಡಬೇಕು. ಪ್ರದರ್ಶನ ಮುಗಿದ ಮೇಲೆ ನಂಬರು ಹಾಕಿ ಮತ್ತೊಮ್ಮೆ ಪೂರ್ತಿ ಓಡಿಸಿದರಾಯಿತು ಎಂದೂ ಅಂದುಕೊಂಡೆ. ಅಂದುಕೊಂಡದ್ದು ನಿಜ —

ಪ್ರತಿನಿಧಿ ಬಂದ, ಮಂಜಣ್ಣ ಬಂದ, ಅನ್ವರಣ್ಣ ಅಂಗಡಿಗೆ ಬೀಗ ಹಾಕಿ ಬಂದರು. ಪರದೆಯ ಮೇಲೆ ವೆರಿಫೈ ಎಂಬ ಪದದ ಎದುರು ಟಿಕ್ ಎದ್ದು ಕಾಣುತ್ತಿತ್ತು. ನಂಬರಿನ ಪ್ರಶ್ನೆ ಅದರ ಕೆಳಗೆ, ಇನ್ನೊಂದು ಗುಂಡಿ ಒತ್ತಿದರೆ ಮಾತ್ರ ತೆರೆಯುವ ಪುಟದಲ್ಲಿ. ಯಾರೂ ಒತ್ತಲಿಲ್ಲ. ಇಡೀ ಡಿಸ್ಕು ಬರೆದು ಓದಿ ಮುಗಿಯುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ವೇಗ ಗೆರೆಯ ಮೇಲೆ, ತಪ್ಪು ಸೊನ್ನೆ. ಪ್ರತಿನಿಧಿ ಕಾಗದಗಳನ್ನು ಜೋಡಿಸಿಕೊಂಡು ನಿಜಕ್ಕೂ ಎದ್ದು ಹೋದ. ಮಂಜಣ್ಣ "ಹುಡ್ಗಿ ಗೆದ್ಬುಟ್ಲು ಕಣ್ರೀ!" ಎಂದು ಬಾಗಿಲಲ್ಲಿ ನಿಂತವರಿಗೆಲ್ಲ ಸಾರಿದ. ನನ್ನ ಕಿವಿ ಬಿಸಿಯಾಗಿತ್ತು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಯಾವ ಷೀಲ್ಡಿಗೂ ಅಷ್ಟು ಹೆಮ್ಮೆ ಪಟ್ಟವಳಲ್ಲ ನಾನು.

ಅಂಗಡಿಗೆ ವಾಪಸು ನಡೆಯುವಾಗ ಅನ್ವರಣ್ಣ ಕೇಳಿದರು.

"ಆ ನಂಬರ್ ಹಾಕೋದೂ ಇತ್ತು ತಾನೆ ಶೈಲಾ?"

ನಾನು ಹೇಳಿದ್ದು ಇಷ್ಟು: "ವೆರಿಫೈ ಆನ್ ಆಗೇ ಓಡಿದ್ದು ಅನ್ವರಣ್ಣ. ಒಂದೂ ತಪ್ಪಿಲ್ಲ, ನೀವೇ ನೋಡಿದ್ರಲ್ಲ."

ಇದರಲ್ಲಿ ಸುಳ್ಳು ಎಲ್ಲಿದೆ, ತೋರಿಸಿ? ಒಂದೊಂದು ಪದವೂ ನಿಜ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಪಕ್ಕದ ಪ್ರಶ್ನೆಗೆ ದಿಟ್ಟವಾಗಿ ಉತ್ತರ ಕೊಡುವುದು ನಾನು ವೇದಿಕೆಯ ಮೇಲೆ ಕಲಿತ ವಿದ್ಯೆ. ಅವತ್ತು ಅದನ್ನು ಬೀದಿಯಲ್ಲಿ, ನನ್ನನ್ನು ಎದುರಾಳಿ ಎಂದು ತಿಳಿಯದ ಮನುಷ್ಯನ ಮೇಲೆ ಪ್ರಯೋಗ ಮಾಡಿದೆ.

"ಮತ್ತೆ ಬುಡು, ನಂಗೇನು ಭಯ" ಅಂದರು ಅವರು.

ಅವರ ನಿರ್ಭಯವೇ ಮುಂದಿನದಕ್ಕೆಲ್ಲ ದಾರಿಯಾಯಿತು. ಮದುವೆಗಳು ಸಾಲುಸಾಲಾಗಿದ್ದವು, ಮಂಜಣ್ಣ ಅವತ್ತು ಸಂಜೆಯೇ ಕೆಲಸ ಶುರು ಮಾಡಿದ. ಎರಡನೆಯ ಸಲ ಓಡಿಸಲು ಡಿಸ್ಕು ಖಾಲಿ ಇರಬೇಕು, ಅದು ಖಾಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಮೊದಲು ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಕೆಲವು ದಿನ ಬಿಟ್ಟು ಮಂಜಣ್ಣ ಅಂಗಡಿಗೆ ಬಂದು, "ಅನ್ವರ, ಡಿಸ್ಕಿಗೆ ತುಂಬಿದ ಮೇಲೆ ಕ್ಯಾಸೆಟ್ಟು ಇಟ್ಕಂಡು ಏನ್ ಮಾಡ್ಲಿ? ಅದ್ರಲ್ಲೇ ಮುಂದಿನ ಮದುವೆ ತೆಗೀಬೋದಾ?" ಎಂದು ಕೇಳಿದ. ಅನ್ವರಣ್ಣ ನನ್ನ ಕಡೆ ನೋಡಿದರು. ನಾನು ಪರದೆ ನೋಡುತ್ತಿದ್ದೆ. "ನಂಬರ್ ಹಾಕಿ ಪರೀಕ್ಷೆ ಮಾಡಿರೋ ಡಿಸ್ಕು ಕಣಣ್ಣ ಅದು. ತೆಗೀರಿ. ಏನಾದ್ರೂ ಆದ್ರೆ ನನ್ನ ಕೇಳಿ" ಎಂದರು.

ಆಗಲಾದರೂ ತಲೆ ಎತ್ತಬಹುದಿತ್ತು. ಎತ್ತಲಿಲ್ಲ. ಆ ಹೊತ್ತು ನೆನಪಾದಾಗ ನನಗೆ ನನ್ನ ಕತ್ತೇ ಕಾಣುತ್ತದೆ, ಬಗ್ಗಿದ್ದು.

ಹಂಗಾಮು ನಡೆಯಿತು. ಒಂದು ಚಿತ್ರವೂ ಬಿಟ್ಟುಹೋಗಲಿಲ್ಲ — ವೇಗದ ಬಗ್ಗೆ ನನ್ನ ವಾದ ಸರಿಯಾಗಿಯೇ ಇತ್ತು. ಎಡಿಟಿಂಗನ್ನು ಹಂಗಾಮು ಮುಗಿದ ಮೇಲಕ್ಕೆ ಬಿಟ್ಟು ಮಂಜಣ್ಣ ಎಲ್ಲವನ್ನೂ ಡಿಸ್ಕಿಗೇ ಇಳಿಸಿಡುತ್ತಿದ್ದ, ಅದು ತುಂಬುತ್ತಾ ತುಂಬುತ್ತಾ ಹೋಯಿತು. ಒಂದು ಬೆಳಿಗ್ಗೆ ಮಂಜಣ್ಣ ಕಂಪ್ಯೂಟರ್ ಹಾಕಿದರೆ ಡಿಸ್ಕಿನಲ್ಲಿ ಏನೂ ಇಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಅದು ಮುಗ್ಧವಾಗಿ ಕೇಳುತ್ತಿತ್ತು.

ಕರೆಸಿದ್ದು ತುಮಕೂರಿನ ಪ್ರತಿನಿಧಿಯನ್ನೇ. ಅವನು ಡಬ್ಬ ಬಿಚ್ಚಿ, ಪವರ್ ಬಾಕ್ಸನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಲೋಕಲ್ ಮಾಲು, ನಮ್ಮ ಊರಿನ ಕರೆಂಟಿನ ಏರಿಳಿತ ಎಲ್ಲರಿಗೂ ಗೊತ್ತಿದ್ದದ್ದೇ. ಹೆಚ್ಚು ಮಾತಾಡುವುದೇ ಬೇಕಾಗಲಿಲ್ಲ. ಆ ಪೆಟ್ಟಿಗೆ ನಿಜಕ್ಕೂ ಅಷ್ಟೇನೂ ಒಳ್ಳೆಯದಾಗಿರಲಿಲ್ಲ, ಅದೇ ನನ್ನ ಅದೃಷ್ಟ. ಮಂಜಣ್ಣ ನಮ್ಮ ಅಂಗಡಿ ಮುಂದೆ ಬೀದಿಯಲ್ಲಿ ನಿಂತು ಕೂಗಾಡಿದ. "ನಿನ್ ಮಾತು ಕೇಳ್ಕಂಡು ಕ್ಯಾಸೆಟ್ಟೆಲ್ಲಾ ಅಳ್ಸಿದ್ನಲ್ಲೋ ಅನ್ವರ! ಜನ ಬಂದು ಕೇಳಿದ್ರೆ ಎಲ್ಲಿಂದ ತರ್ಲಿ ಮದುವೇನ?"

ಅನ್ವರಣ್ಣ ಬೀದಿಗಿಳಿದು ನಿಂತಿದ್ದರು. ಅವರು ಒಂದು ಮಾತು ನನ್ನ ಕಡೆ ತಿರುಗಿಸಿದ್ದರೆ ಸಾಕಿತ್ತು. ಪರೀಕ್ಷೆ ಮಾಡಿದ್ದು ಶೈಲಾ, ಅವಳನ್ನು ಕೇಳಿ ಎಂದಿದ್ದರೆ — ನಾನು ಬಾಯಿ ಬಿಡುತ್ತಿದ್ದೆನೋ, ಇನ್ನೊಂದು ವಾದ ಹೂಡುತ್ತಿದ್ದೆನೋ, ಗೊತ್ತಿಲ್ಲ. ಅವರು ಹೇಳಿದ್ದು ಬೇರೆ.

"ಡಿಸ್ಕು ಸರಿಯಾಗೇ ಇತ್ತಣ್ಣ. ನಮ್ಮ ಹುಡುಗಿ ಪೂರ್ತಿ ಪರೀಕ್ಷೆ ಮಾಡವ್ಳೆ, ನೀವೂ ನೋಡಿದ್ರಿ. ಅದು ಪಾಸಾಗೈತೆ ಅಂದ್ಮೇಲೆ ತಪ್ಪು ನನ್ ಪೆಟ್ಟಿಗೇದೇ. ನಂದೇ."

ಯೋಚನೆ ಮಾಡಿ. ನನ್ನ ಪರೀಕ್ಷೆಯನ್ನು ಅವರು ಎಷ್ಟು ನಂಬಿದ್ದರು ಅಂದರೆ, ಆ ನಂಬಿಕೆಯಿಂದಲೇ ತರ್ಕ ಮಾಡಿಕೊಂಡು ತಾವೇ ಅಪರಾಧಿ ಎಂಬಲ್ಲಿಗೆ ತಲುಪಿದರು. ತರ್ಕದಲ್ಲಿ ತಪ್ಪಿರಲಿಲ್ಲ. ಆಧಾರ ಒಂದು ಕೊಳೆತಿತ್ತು, ಅದನ್ನು ಕೊಟ್ಟವಳು ಪಕ್ಕದಲ್ಲೇ ನಿಂತಿದ್ದಳು.

ಎರಡು ದಿನ ಬಿಟ್ಟು, ಏನಾದರೂ ಉಳಿದಿದೆಯೋ ನೋಡೋಣ ಎಂದು ಅನ್ವರಣ್ಣ ಆ ಕಂಪ್ಯೂಟರನ್ನೇ ಅಂಗಡಿಗೆ ತಂದರು. ಉಳಿಸಲು ಆಗುವುದನ್ನು ಹುಡುಕಿದೆವು, ಏನೂ ಸಿಗಲಿಲ್ಲ. ಆಮೇಲೆ ಅನ್ವರಣ್ಣ ಊಟಕ್ಕೆ ಮನೆಗೆ ಹೋದಾಗ ನಾನೊಬ್ಬಳೇ ಕೂತು ಆ ಸಾಫ್ಟ್‌ವೇರು ತೆಗೆದೆ. ಈ ಸಲ ನಂಬರಿನ ಟಿಕ್ ಹಾಕಿ, ಡಿಸ್ಕಿನ ಕೊನೆಯ ಭಾಗಕ್ಕೆ ಬರೆಯಲು ಹೇಳಿದೆ. ಆಮೇಲೆ ಮೊದಲ ಬ್ಲಾಕನ್ನು ಓದಿಸಿದೆ. ಅದರೊಳಗೆ ಇರಬಾರದ ನಂಬರಿತ್ತು — ಕೊನೆಯ ಭಾಗದ್ದು.

ಮಂಜಣ್ಣನ ಹಳೆಯ ಯಂತ್ರಕ್ಕೆ ಅಷ್ಟು ದೊಡ್ಡ ಡಿಸ್ಕಿನ ಕೊನೆಯವರೆಗೆ ಎಣಿಸಲು ಬರುತ್ತಿರಲಿಲ್ಲ, ಅಷ್ಟೇ. ಅದರ ಎಣಿಕೆಗೆ ಒಂದು ಮಿತಿ. ಮಿತಿ ದಾಟಿದ ಕೂಡಲೇ ಅದು ಸದ್ದಿಲ್ಲದೆ ಮತ್ತೆ ಮೊದಲಿನಿಂದ ಬರೆಯತೊಡಗುತ್ತಿತ್ತು, ಮೊದಲಿದ್ದದ್ದರ ಮೇಲೆ. ಯಾವ ವಿಡಿಯೋ ಎಲ್ಲಿದೆ ಎಂಬ ಪಟ್ಟಿ ಇರುವುದೂ ಆ ಮೊದಲ ಭಾಗದಲ್ಲೇ. ಡಿಸ್ಕು ತುಂಬುವವರೆಗೂ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನಂಬರು ಹಾಕಿ ಪೂರ್ತಿ ಓಡಿಸಿದ್ದರೆ ಮಾತ್ರ ಮೊದಲ ದಿನವೇ ಗೊತ್ತಾಗುತ್ತಿತ್ತು. ಎಲ್ಲ ಬ್ಲಾಕಿನಲ್ಲೂ ಒಂದೇ ಅಕ್ಷರ ಇದ್ದದ್ದರಿಂದ, ಒಂದರ ಮೇಲೊಂದು ಬರೆದರೂ ತಾಳೆ ಸರಿಹೋಗಿತ್ತು. ತಪ್ಪು ಸೊನ್ನೆ.

ನಾನು ಪರದೆಯ ಮೇಲಿದ್ದದ್ದನ್ನು ಮುಚ್ಚಿದೆ. ಅನ್ವರಣ್ಣ ಬಂದರು. ತಲೆಯ ಟೋಪಿ ತೆಗೆದು ಮೊಳೆಗೆ ಹಾಕುತ್ತಾ ಕೇಳಿದರು, "ಏನಾದ್ರೂ ಸಿಕ್ತೇನಮ್ಮ?"

"ಇಲ್ಲ ಅನ್ವರಣ್ಣ."

ಇದು ಸುಳ್ಳು. ಮೊದಲಿನದಕ್ಕೆ ವಾದದ ಮುಸುಕು ಇತ್ತು. ಇದಕ್ಕೆ ಅದೂ ಇಲ್ಲ.

ಜನ ಕೂಗಾಡಿದರು, ಹಾಗೇ ನಕ್ಕೂಬಿಟ್ಟರು, ಅದೂ ನಡೆಯಿತು. ಕೆಂಕೆರೆಯ ಜಯಮ್ಮ ಎಂಬುವವರು ಮಗಳು ಅಳಿಯನನ್ನು ಕರಕೊಂಡು ಸ್ಟುಡಿಯೋಗೇ ಬಂದರು. "ಈಗೇನು, ಇನ್ನೊಂದ್ಸಲ ಮದುವೆ ಮಾಡ್ಲೇನಪ್ಪಾ ಮಂಜಣ್ಣ? ಮಾಡ್ತೀನಿ, ಊಟ ನೀನ್ ಹಾಕ್ಸು." ಮಂಜಣ್ಣ ಕೈ ಮುಗಿದು, ಸ್ಟುಡಿಯೋದ ಪರದೆಯ ಮುಂದೆ ಧಾರೆ ಮತ್ತೆ ತೆಗೆದುಕೊಡುತ್ತೇನೆ ಎಂದ. ತೆಗೆದೂ ತೆಗೆದ. ಮಗಳು ಆಗಲೇ ಬಸುರಿ. "ಹಾರ ದಪ್ಪದು ಹಾಕು, ಹೊಟ್ಟೆ ಮುಚ್ಚಲಿ" ಎಂದು ಜಯಮ್ಮ ನಿರ್ದೇಶನ ಕೊಟ್ಟರೆ, ಆ ಹುಡುಗಿ ತಾಳಿ ಕಟ್ಟಿಸಿಕೊಳ್ಳುವಾಗ ನಗು ತಡೆಯಲಾರದೆ ಬಾಗಿಬಾಗಿ ನಕ್ಕಳು. ಮೊದಲನೆಯ ಸಲ ಹೆದರಿ ಅಳುತ್ತಿದ್ದಳಂತೆ. ಈಗಿನದೇ ಚೆನ್ನಾಗಿದೆ ಎಂದು ಅವರ ಮನೆಯವರ ತೀರ್ಮಾನ. ಎಲ್ಲರ ಮನೆಯದೂ ಹಾಗಾಯಿತು ಎಂದು ಹೇಳುತ್ತಿಲ್ಲ. ಮದುವೆಯಲ್ಲಿದ್ದ ಹಿರಿಯರು ಆಗಲೇ ತೀರಿಕೊಂಡಿದ್ದರಿಂದ ಕೆಲವರಿಗೆ ಮತ್ತೆ ತೆಗೆಯಲು ಆಗುವ ಹಾಗಿರಲಿಲ್ಲ. ಅವರು ಸುಮ್ಮನೆ ಬಂದು, ಸುಮ್ಮನೆ ಹೋದರು.

ಅನ್ವರಣ್ಣ ಆ ಮಳೆಗಾಲಕ್ಕೆ ಅಂಗಡಿಯ ಬಾಗಿಲ ಮೇಲಿನ ಕಂಪ್ಯೂಟರಿನ ಬೋರ್ಡು ಇಳಿಸಿದರು. ಯಾರೂ ಅವರನ್ನು ಓಡಿಸಲಿಲ್ಲ; ಗಿರಾಕಿಗಳು ಕಡಿಮೆಯಾಗಿದ್ದರು, ನಿಜ, ಆದರೆ ನಿಲ್ಲಬಹುದಿತ್ತು. ಅವರಿಗೆ ಅವರ ಮೇಲೇ ನಂಬಿಕೆ ಹೋಗಿತ್ತು. "ಇನ್ನೊಬ್ರ ಮನೆ ಮದುವೆ ನನ್ ಕೈಲಿ ಹಾಳಾಗೋದು ಬ್ಯಾಡ ಕಣಮ್ಮ. ಕಣ್ಣಿಗೆ ಕಾಣೋ ಕೆಲ್ಸಾನೇ ಸರಿ ನಂಗೆ" ಎಂದು, ಭಾವನ ಜೊತೆ ಸೇರಿ ಸುಟ್ಟ ಪಂಪು ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಇಳಿದರು. ನನಗೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಕೆಲಸ ಸಿಕ್ಕಿತು. ಸಿಹಿ ತಗೊಂಡು ಹೋದಾಗ ಅವರು ನನಗಿಂತ ಹೆಚ್ಚು ಸಂತೋಷಪಟ್ಟರು. "ಹುಡುಗರನ್ನ ವಾದ ಮಾಡ್ಕಂಡು ಸಾಯಿಸ್ಬ್ಯಾಡ" ಎಂದರು.

ಈಗ ಅವರ ಮೋಟರ್ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ತಿಪಟೂರು, ತುರುವೇಕೆರೆ ಕಡೆಯ ತೋಟದವರೆಲ್ಲ ಮೋಟರ್ ಸುಟ್ಟರೆ ಅವರಲ್ಲಿಗೇ. ನಮ್ಮ ತೋಟದ್ದನ್ನೂ ಅವರೇ ನೋಡುವುದು. ಬಂದಾಗ ಅಪ್ಪನ ಜೊತೆ ಕಟ್ಟೆಯ ಮೇಲೆ ಕೂತು ಎಳನೀರು ಕುಡಿಯುತ್ತಾರೆ, ನನ್ನ ಮಗಳನ್ನು "ಏನ್ ಲಾಯರಮ್ಮಾ" ಎಂದು ಕೆಣಕುತ್ತಾರೆ. ಒಮ್ಮೆ ಅಪ್ಪ ಆ ಹಳೆಯ ಕಥೆ ಎತ್ತಿದಾಗ, "ಆ ಪೆಟ್ಟಿಗೆ ಒಳ್ಳೇದು ಹಾಕ್ಬೇಕಿತ್ತು ಯಜಮಾನ್ರೆ, ನಂದೇ ಜಿಪುಣತನ" ಎಂದು ನಕ್ಕರು. ನಾನು ಲೋಟ ತೊಳೆಯಲು ಒಳಗೆ ಹೋದೆ. ನಗುತ್ತಾ ಹೇಳಿದರೂ, ಅವರು ಅದನ್ನು ನಂಬಿದ್ದಾರೆ. ಇಷ್ಟು ವರ್ಷವಾದರೂ ಮದುವೆ ಮನೆಗಳಿಗೆ ಕರೆದರೆ ಅವರು ಊಟ ಮುಗಿಸಿ ಬೇಗ ಎದ್ದುಬಿಡುತ್ತಾರೆ, ವಿಡಿಯೋದವನ ಕಡೆ ನೋಡುವುದಿಲ್ಲ — ಇದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು.

ಕಳೆದ ವಾರ ಮಂಜಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. "ನನ್ ಯಂತ್ರದ್ದೇ ತಪ್ಪಾ ಹಂಗಾದ್ರೆ?" ಎಂದ.

"ಯಂತ್ರದ್ದಲ್ಲ ಮಂಜಣ್ಣ. ನಂದು."

"ಬೀದೀಲಿ ನಿಂತ್ಕಂಡು ಅವನ್ನ ಹೆಂಗ್ ಹೆಂಗೋ ಅಂದ್ಬುಟ್ನಲ್ಲವ್ವ." ಆಮೇಲೆ, "ಈಗ ಹೇಳಿ ಏನಾಗ್ಬೇಕು? ಚೆನ್ನಾಗವ್ನೆ ಬುಡು. ಆ ಕೆಲ್ಸಕ್ಕಿಂತ ಈ ಕೆಲ್ಸಾನೇ ಅವನಿಗೆ ಆಗಿಬಂತು."

ಅದೇ ಬಾಲ. ಇದಕ್ಕೆ ನಾನು ಇಷ್ಟು ವರ್ಷ ತಲೆಯಾಡಿಸಿದ್ದೇನೆ, ಇನ್ನು ಆಗುವುದಿಲ್ಲ. ಫಲ ಚೆನ್ನಾಗಿದೆ ಎಂಬುದು ಕೃತ್ಯಕ್ಕೆ ಆಧಾರವಾಗುವುದಿಲ್ಲ. ನನ್ನ ವಿದ್ಯಾರ್ಥಿಗಳು ಸ್ಪರ್ಧೆಯಲ್ಲಿ ಹೀಗೆ ವಾದಿಸಿದರೆ ನಾನೇ ಅಂಕ ಕಳೆಯುತ್ತೇನೆ. ಅವರು ಮೋಟರ್ ಕೆಲಸಕ್ಕೆ ಬಂದು ಗೆದ್ದರು, ಅದು ಅವರ ಗೆಲುವು. ಅವರು ಅಲ್ಲಿಗೆ ಬಂದದ್ದು ತಾವು ನಂಬಿಕೆಗೆ ಅರ್ಹರಲ್ಲ ಎಂದು ತೀರ್ಮಾನಿಸಿಕೊಂಡು. ಆ ತೀರ್ಮಾನಕ್ಕೆ ಆಧಾರ ಒದಗಿಸಿದವಳು ನಾನು. ಬದುಕು ಚೆನ್ನಾಗಿರುವಾಗ ಇದನ್ನು ಹೇಳದಿದ್ದರೆ ಇನ್ನು ಯಾವಾಗ ಹೇಳುವುದು — ಕೆಟ್ಟು ಹೋದಾಗ ಹೇಳಿದರೆ ಅದು ಕನಿಕರ ಬೇಡಿದ ಹಾಗೆ.

ಭಾನುವಾರ ಅವರು ನಮ್ಮ ತೋಟಕ್ಕೆ ಬರುತ್ತಿದ್ದಾರೆ. ಮೊದಲು ಅವರಿಗೆ, ಎದುರಿಗೆ ಕೂತು, ಇದನ್ನು ಓದಿ ಹೇಳುತ್ತೇನೆ. ಆಮೇಲೆ ಅಚ್ಚಿಗೆ. ಅವರ ಮೇಲೆ ಮಾತು ಬಿದ್ದದ್ದು ಬೀದಿಯಲ್ಲಿ. ಅದನ್ನು ಎತ್ತುವುದೂ ಎಲ್ಲರಿಗೂ ಕಾಣುವಲ್ಲೇ ಆಗಬೇಕು. ಕ್ಷಮೆ ಕೇಳಿ ಅವರನ್ನು ಕಟ್ಟಿಹಾಕುವುದಿಲ್ಲ. ಕೇಳಿದರೆ ಅವರು "ಬುಡಮ್ಮ" ಎಂದುಬಿಡುತ್ತಾರೆ, ನನಗೆ ಗೊತ್ತು. ಹಾಗಾಗಿ ಕ್ಷಮೆಯಲ್ಲ, ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ. ಅದಕ್ಕೆ ಪರವಾಗಿಯೂ ವಿರೋಧವಾಗಿಯೂ ನಾನು ಮಾತಾಡಿ ನೋಡಿದ್ದೇನೆ, ಎರಡೂ ಕಡೆ ಸೋತಿದ್ದೇನೆ.

ಅನ್ವರಣ್ಣ, ನೀವು ಊಟ ಮುಗಿಸಿ ಬಂದು ಕೇಳಿದಾಗ ನಾನು "ಸಿಕ್ತು, ತಪ್ಪು ನಂದು" ಎಂದು ಹೇಳಿದ್ದರೆ, ಮಾರನೆಯ ಬೆಳಿಗ್ಗೆ ನೀವು ಯಾವ ಕೆಲಸಕ್ಕೆ ಬಾಗಿಲು ತೆಗೆಯುತ್ತಿದ್ದಿರಿ?